ಚಪ್ಪಾಳೆ ತಟ್ಟಿಸಿ ಉಗ್ಗು ಬಿಡಿಸ್ತೀವಿ ಅನ್ನೋರ ಹತ್ರ ಮಗುವನ್ನ ಕಳಿಸಬೇಡಿ (ಕಂತು 11)

ಈ ಸಲದ ಕಂತು ಸ್ವಲ್ಪ ಖಾರ ಇರುತ್ತೆ. ಇಲ್ಲಿನ ಚಳಿ, ನೈಟ್ ಡ್ಯೂಟಿ, ಬಾಡಿಗೆ ಮನೆ ಅಂತ ಬರೆದಾಗ ನಕ್ಕು ಲೈಕ್ ಒತ್ತಿದವರೆಲ್ಲ ಇದನ್ನೂ ಕೊನೇತನಕ ಓದಿ, ಆಮೇಲೆ ಬೇಕಾದ್ರೆ ಬೈಯಿರಿ.

ಹೋದ ವಾರ ನಮ್ಮ ಕುಟುಂಬದ ವಾಟ್ಸ್ಆ್ಯಪ್ ಗ್ರೂಪಿಗೆ ಒಂದು ವೀಡಿಯೊ ಬಂತು. ಹಾಕಿದ್ದು ನಮ್ಮ ಮಾವ, ಒಳ್ಳೇ ಮನಸ್ಸಿಂದಲೇ ಹಾಕಿದ್ದು. ಕೋಟು ಹಾಕಿದ ಒಬ್ಬರು ಹೇಳ್ತಾರೆ: ಉಗ್ಗು ಅಂದ್ರೆ ಮಿದುಳಿನ ತಾಳ ತಪ್ಪಿರೋದು, ಇದನ್ನ ಅಮೆರಿಕದ ವಿಜ್ಞಾನಿಗಳೇ ಕಂಡುಹಿಡಿದಿದ್ದಾರೆ, ನಮ್ಮ ಸೆಂಟರಿಗೆ ಮಗುವನ್ನ ಕರ್ಕೊಂಡು ಬನ್ನಿ, ದಿನಾ ಅರ್ಧ ಗಂಟೆ ಚಪ್ಪಾಳೆ ಅಭ್ಯಾಸ, 45 ದಿನದಲ್ಲಿ ಗ್ಯಾರಂಟಿ. ಫೀಸು 38 ಸಾವಿರ. ಅದರ ಕೆಳಗೆ ಸಾಲು ಸಾಲು ಕೈಮುಗಿದ ಚಿತ್ರ. ಒಬ್ಬರು ಬರೆದಿದ್ದೀರಿ, "ಇದನ್ನ ಅವತ್ತೇ ಮಾಡಿಸಿದ್ರೆ ಇಷ್ಟೊತ್ತಿಗೆ ಸರಿ ಹೋಗ್ತಿತ್ತು." ಇನ್ನೊಬ್ಬರು, "ತಾಯಿ ಮೊಬೈಲ್ ಹಿಡ್ಕೊಂಡು ಕೂತ್ರೆ ಮಕ್ಕಳು ಹಿಂಗೇ ಆಗೋದು."

ಯಾರ ಮನೆ ಮಗುವಿನ ಬಗ್ಗೆ ಈ ಮಾತು ಅಂತ ಎಲ್ಲರಿಗೂ ಗೊತ್ತು. ಹೆಸರು ನಾನು ಬರೆಯಲ್ಲ, ನೀವೂ ಬರೀಬೇಡಿ. ಅವನಿಗೆ ಈಗ ಆರು ವರ್ಷ, ಇನ್ನೆರಡು ವರ್ಷಕ್ಕೆ ಇದನ್ನೆಲ್ಲ ತಾನೇ ಓದ್ತಾನೆ. ಅವನ ಅಮ್ಮ ಆ ಗ್ರೂಪಿನಲ್ಲೇ ಇದ್ದಾಳೆ. ಎರಡನೇ ಕಾಮೆಂಟನ್ನ ಅವಳೂ ಓದಿದಳು. ಏನೂ ಉತ್ತರ ಬರೆಯದೆ ಸುಮ್ಮನಾದಳು. ಅದಕ್ಕೇ ನಾನು ಬರೀತಿದ್ದೀನಿ.

ಮೊದಲೇ ಒಂದು ಮಾತು. ನಾನು ನರ್ಸು, ಸ್ಪೀಚ್ ಥೆರಪಿಸ್ಟ್ ಅಲ್ಲ. ಯಾರಿಗೂ ಇಲ್ಲಿಂದ ಕೂತು ಚಿಕಿತ್ಸೆ ಹೇಳ್ತಿಲ್ಲ. ಆದ್ರೆ ಈ ವೀಡಿಯೊದಲ್ಲಿ ಅರ್ಧ ಸತ್ಯ ಇದೆ, ಪೂರ್ತಿ ಸುಳ್ಳಿಗಿಂತ ಅದನ್ನ ಎದುರಿಸೋದು ಕಷ್ಟ. ಹಾಗಾಗಿ ಆ ಅರ್ಧ ಸತ್ಯ ಯಾವುದು ಅಂತ ಬಿಡಿಸಿ ಹೇಳ್ತೀನಿ.

ಮಾತಾಡೋದು ನಮಗೆ ಸಲೀಸು ಅನ್ಸುತ್ತೆ. ಆದ್ರೆ ಮೈಯಲ್ಲಿ ನಡೆಯೋ ಕೆಲಸಗಳಲ್ಲೇ ಅತಿ ಸೂಕ್ಷ್ಮವಾಗಿ ಹೊತ್ತು ಹೊಂದಿಸಬೇಕಾದ ಕೆಲಸ ಅದು. "ಪಟ್ಟೆ" ಅನ್ನಿ, ಆಮೇಲೆ "ಬಟ್ಟೆ" ಅನ್ನಿ. ತುಟಿ ಮುಚ್ಚಿ ತೆರೆಯೋದು ಎರಡಕ್ಕೂ ಒಂದೇ ಥರ. ವ್ಯತ್ಯಾಸ ಇರೋದು ಗಂಟಲಿನ ಕಂಪನ ಯಾವಾಗ ಶುರುವಾಗುತ್ತೆ ಅನ್ನೋದ್ರಲ್ಲಿ, ಅದೂ ಸೆಕೆಂಡಿನ ನೂರರಲ್ಲಿ ಕೆಲವೇ ಭಾಗ ಆಚೀಚೆ. ಉಸಿರು, ಗಂಟಲು, ನಾಲಿಗೆ, ದವಡೆ, ತುಟಿ ಎಲ್ಲವೂ ಒಂದರ ಹಿಂದೆ ಒಂದು ಸರಿಯಾದ ಕ್ಷಣಕ್ಕೆ ಬಂದು ಸೇರಬೇಕು, ಸೆಕೆಂಡಿಗೆ ನಾಲ್ಕೈದು ಅಕ್ಷರದ ವೇಗದಲ್ಲಿ. ಎರಡರಿಂದ ಐದು ವರ್ಷದೊಳಗಿನ ಮಗು ಇದನ್ನ ಕಲೀತಾ ಇರುತ್ತೆ. ಅದೇ ಸಮಯಕ್ಕೆ ವಾಕ್ಯಗಳೂ ಉದ್ದ ಆಗ್ತಾ ಇರುತ್ತವೆ. ಉಗ್ಗು ಸಾಮಾನ್ಯವಾಗಿ ಶುರುವಾಗೋದು ಸರಿಯಾಗಿ ಈ ವಯಸ್ಸಿನಲ್ಲೇ.

ಉಗ್ಗುವ ಮಗುವಿಗೆ ಏನು ಹೇಳಬೇಕು ಅಂತ ಗೊತ್ತಿರುತ್ತೆ. ಪದವೂ ಗೊತ್ತಿರುತ್ತೆ. ಶುರು ಮಾಡು ಅನ್ನೋ ಸನ್ನೆ ಸರಿಯಾದ ಹೊತ್ತಿಗೆ ಸಿಗಲ್ಲ, ಇಲ್ಲಾ ಒಂದು ಶಬ್ದದಿಂದ ಮುಂದಿನದಕ್ಕೆ ದಾಟೋಕೆ ಆಗಲ್ಲ. ಅದಕ್ಕೇ "ನ ನ ನ ನನಗೆ" ಅನ್ನುತ್ತೆ, ಇಲ್ಲಾ ಬಾಯಿ ತೆರೆದು ಶಬ್ದವೇ ಬರದೆ ನಿಂತುಬಿಡುತ್ತೆ. ಮಿದುಳಿನ ಒಳಭಾಗದಲ್ಲಿ ಬೇಸಲ್ ಗ್ಯಾಂಗ್ಲಿಯ ಅಂತ ಒಂದು ಜಾಗ ಇದೆ. ಚಲನೆಗಳ ಶುರು ಮತ್ತು ಸರದಿ ನೋಡಿಕೊಳ್ಳುವ ಜಾಲದಲ್ಲಿ ಅದಕ್ಕೆ ದೊಡ್ಡ ಪಾತ್ರ. ಉಗ್ಗಿನ ಸಂಶೋಧನೆ ಮಾಡುವವರು ಬಹಳ ವರ್ಷದಿಂದ ಆ ಜಾಲದ ಕಡೆ ಬೆರಳು ತೋರಿಸ್ತಿದ್ದಾರೆ.

ನಮ್ಮ ವಾರ್ಡಿನ ಒಂದು ಉದಾಹರಣೆ ಕೊಡ್ತೀನಿ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಕೆಡೋದೂ ಇದೇ ಬೇಸಲ್ ಗ್ಯಾಂಗ್ಲಿಯ. ಅಂಥ ಅಜ್ಜಂದಿರು ಬಾಗಿಲ ಹತ್ರ ಬಂದು ಕಾಲು ಅಂಟಿಕೊಂಡ ಹಾಗೆ ನಿಂತುಬಿಡ್ತಾರೆ. ಪಕ್ಕದಲ್ಲಿ ನಿಂತು "ಒಂದು, ಎರಡು, ಒಂದು, ಎರಡು" ಅಂತ ಎಣಿಸಿದ್ರೆ ಎಷ್ಟೋ ಸಲ ಹೆಜ್ಜೆ ಎತ್ತುತ್ತಾರೆ. ಕಾಲಿಗೆ ಶಕ್ತಿ ಮೊದಲೂ ಇತ್ತು. ಒಳಗಿಂದ ಬರದ ಲಯ ಹೊರಗಿಂದ ಬಂತು, ಅಷ್ಟೇ. ಉಗ್ಗು ಪಾರ್ಕಿನ್ಸನ್ ಅಲ್ಲ, ಎರಡೂ ಬೇರೆ ಬೇರೆ, ಯಾರೂ ಗಾಬರಿ ಆಗಬೇಡಿ. ಆದ್ರೆ ಈ ಒಂದು ವಿಷಯದಲ್ಲಿ ಹೋಲಿಕೆ ಇದೆ: ಹೊರಗಿನ ಲಯ ಸಿಕ್ಕರೆ ಉಗ್ಗೂ ಆ ಹೊತ್ತಿಗೆ ಕಡಿಮೆ ಆಗುತ್ತೆ.

ನಾವೆಲ್ಲ ಓದಿದ ಶಾಲೆ ನೆನಪಿಸಿಕೊಳ್ಳಿ. ಸಂಜೆ ಎಲ್ಲರೂ ಸೇರಿ ಮಗ್ಗಿ ಹೇಳುವಾಗ ಉಗ್ಗುವ ಹುಡುಗನೂ ಹದಿನಾರರ ಮಗ್ಗಿ ತನಕ ಸಲೀಸಾಗಿ ಹೇಳ್ತಿದ್ದ. ಭಜನೆ ಹಾಡ್ತಿದ್ದ. ಮಾರನೇ ದಿನ ಹಾಜರಿ ಕೂಗಿದಾಗ "ಪ್ರೆಸೆಂಟ್ ಸಾರ್" ಅನ್ನೋಕೆ ಆಗ್ತಿರಲಿಲ್ಲ. ಆಗ ಮೇಷ್ಟ್ರು ಏನಂತಿದ್ರು? "ನಿನ್ನೆ ಮಗ್ಗಿ ಹೇಳುವಾಗ ಬಾಯಿ ಇತ್ತಲ್ಲೋ, ಈಗ ನಾಟಕ ಮಾಡ್ತೀಯಾ?" ಅದು ನಾಟಕ ಆಗಿರಲಿಲ್ಲ. ನಾಲ್ಕು ಜನರ ಜೊತೆ ಹೇಳುವಾಗ ಎಲ್ಲರ ದನಿಯೂ ಅವನಿಗೆ ತಾಳ ಕೊಡ್ತಿತ್ತು. ಒಬ್ಬನೇ, ಅದೂ ಕೂಗಿದ ಕ್ಷಣಕ್ಕೇ ಉತ್ತರ ಕೊಡುವಾಗ ತಾಳ ತಾನೇ ಹಾಕಬೇಕಿತ್ತು. ಹಾಡುವಾಗ ಉಗ್ಗಲ್ಲ ಅನ್ನೋದನ್ನ ಮಗುವಿನ ಮೇಲಿನ ಅಪವಾದ ಮಾಡಿಕೊಂಡವರು ನಾವು. ನಿಜವಾಗಿ ಅದೇ ಮಗುವಿನ ಪರವಾದ ಸಾಕ್ಷಿ.

ಈಗ ಚಪ್ಪಾಳೆಯ ವಿಷಯ. ಆ ವೀಡಿಯೊದವರು ಹೇಳಿದ ಅಮೆರಿಕದ ಅಧ್ಯಯನ ನಿಜವಾಗಲೂ ಇದೆ. 2010ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ಆ್ಯನ್ ಸ್ಮಿತ್, ಹೊವರ್ಡ್ ಝೆಲಾಝ್ನಿಕ್ ಮತ್ತವರ ಜೊತೆಯವರು ಪ್ರಕಟಿಸಿದ್ದು. ನಾಲ್ಕರಿಂದ ಆರು ವರ್ಷದ ಮಕ್ಕಳಿಗೆ ಟಿಕ್ ಟಿಕ್ ಸದ್ದು ಕೇಳಿಸಿ ಅದರ ಜೊತೆ ಚಪ್ಪಾಳೆ ತಟ್ಟಿಸಿದರು. ಆಮೇಲೆ ಸದ್ದು ನಿಲ್ಲಿಸಿ, ಅದೇ ಲಯದಲ್ಲಿ ಮುಂದುವರಿಸು ಅಂದರು. ಉಗ್ಗುವ ಮಕ್ಕಳ ಗುಂಪಿನಲ್ಲಿ ಚಪ್ಪಾಳೆಗಳ ನಡುವಿನ ಅಂತರ ಹೆಚ್ಚು ಏರುಪೇರಾಯ್ತು. ಆದ್ರೆ ಎಲ್ಲರದ್ದೂ ಅಲ್ಲ. ಉಗ್ಗುವ ಮಕ್ಕಳಲ್ಲೇ ಎರಡು ಪಂಗಡ ಕಾಣಿಸ್ತು: ಒಂದು ಪಂಗಡ ಬೇರೆ ಮಕ್ಕಳ ಹಾಗೇ ಸರಿಯಾಗಿ ತಟ್ಟಿತು, ಇನ್ನೊಂದಕ್ಕೆ ಆಗಲಿಲ್ಲ. ಪರೀಕ್ಷೆಗೆ ಬಂದ ಮಕ್ಕಳ ಸಂಖ್ಯೆಯೂ ಸಣ್ಣದು.

ವೀಡಿಯೊದವರು ಕಥೆಯನ್ನ ಇಲ್ಲಿಗೇ ನಿಲ್ಲಿಸಿದ್ದಾರೆ. ಆ ವಿಜ್ಞಾನಿಗಳು ನಿಲ್ಲಿಸಲಿಲ್ಲ. ಅದೇ ಪ್ರಯೋಗಾಲಯದವರು ಇನ್ನೂ ಹೆಚ್ಚು ಮಕ್ಕಳನ್ನ ಸೇರಿಸಿಕೊಂಡು ಮತ್ತೆ ನೋಡಿದರು, 2016ರಲ್ಲಿ ಪ್ರಕಟಿಸಿದರು. ಈ ಸಲ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಎರಡು ಕೈಗಳ ಲಯದ ಸಾಮರ್ಥ್ಯ ಬೆಳವಣಿಗೆಯ ಉಗ್ಗಿಗೆ ಮುಖ್ಯ ಅಂಶ ಅಲ್ಲ ಅಂತ ತಮ್ಮ ಹಿಂದಿನ ಮಾತಿಗೆ ವಿರುದ್ಧವಾಗಿ ತಾವೇ ಬರೆದರು, ಅದೂ ಲೇಖನದ ತಲೆಬರಹದಲ್ಲೇ. ಹಿಂದೆ ಹೇಳಿದ್ದನ್ನ ತಾವೇ ಪರೀಕ್ಷೆ ಮಾಡಿ, ತಾವೇ ತಿದ್ದಿದರು. 38 ಸಾವಿರ ತಗೊಂಡು ಮಾರೋರು 2010ನ್ನ ಹೇಳ್ತಾರೆ, 2016ನ್ನ ಹೇಳಲ್ಲ.

ಹಾಗಂತ ಲಯಕ್ಕೂ ಉಗ್ಗಿಗೂ ಸಂಬಂಧವೇ ಇಲ್ಲ ಅಂತ ನಾನು ಹೇಳಿದ್ರೆ ಅದೂ ಅರ್ಧ ಸತ್ಯವೇ. 2015ರಲ್ಲಿ ಬಂದ ಎರಡು ಅಧ್ಯಯನಗಳಿವೆ. ಒಂದರಲ್ಲಿ ಉಗ್ಗುವ ಮಕ್ಕಳು ಮತ್ತು ಹದಿಹರೆಯದವರು ಸದ್ದಿಗೆ, ಸಂಗೀತಕ್ಕೆ ಬೆರಳು ತಟ್ಟುವಾಗ ಬೇರೆಯವರಷ್ಟು ಹೊಂದಿಕೊಳ್ಳಲಿಲ್ಲ. ಇನ್ನೊಂದರಲ್ಲಿ ಎರಡು ಲಯ ಒಂದೇನಾ ಬೇರೆನಾ ಅಂತ ಕೇಳಿ ಗುರುತಿಸೋದ್ರಲ್ಲಿ ಉಗ್ಗುವ ಮಕ್ಕಳು ಹಿಂದೆ ಬಿದ್ದರು. ತುಟಿಯ ಚಲನೆ ಅಳೆದ ಅಧ್ಯಯನಗಳೂ ಇವೆ. ಒಂದೇ ವಾಕ್ಯವನ್ನ ಮತ್ತೆ ಮತ್ತೆ ಹೇಳಿಸಿದಾಗ, ಉಗ್ಗದೆ ಹೇಳಿದ ಸಲವೂ ಈ ಮಕ್ಕಳ ತುಟಿಯ ಚಲನೆ ಹೆಚ್ಚು ಏರುಪೇರಾಗಿತ್ತು. ಒಟ್ಟು ಅರ್ಥ ಇಷ್ಟು: ಮಾತಿನ ಅಂಗಗಳ ಹೊತ್ತು ಹೊಂದಿಸುವ ವ್ಯವಸ್ಥೆ ಈ ಮಕ್ಕಳಲ್ಲಿ ಇನ್ನೂ ಗಟ್ಟಿಯಾಗಿಲ್ಲ. ಕೈಗಳಲ್ಲೂ ಅದು ಕಾಣಿಸಬೇಕು ಅಂತೇನಿಲ್ಲ. ಕೆಲವರಲ್ಲಿ ಕಾಣಿಸಬಹುದು, ಹಲವರಲ್ಲಿ ಇಲ್ಲ. ಗುಂಪಿನ ಸರಾಸರಿ ಒಂದು ಮಗುವಿನ ಹಣೆಬರಹ ಅಲ್ಲ. ನಮ್ಮ ಹುಡುಗ ಲಗೋರಿಯಲ್ಲಿ ಏಳು ಕಲ್ಲನ್ನೂ ಒಂದೇ ಏಟಿಗೆ ಬೀಳಿಸ್ತಾನೆ ಅಂತ ನೀವೇ ವೀಡಿಯೊ ಕಳಿಸಿದ್ದೀರಿ. ಅವನ ಕೈಗೆ ಏನು ಚಿಕಿತ್ಸೆ ಕೊಡ್ತೀರಿ?

ಇದಕ್ಕೂ ದೊಡ್ಡ ಪ್ರಶ್ನೆ ಬೇರೆ ಇದೆ. ಉಗ್ಗುವ ಕೆಲವು ಮಕ್ಕಳಿಗೆ ಚಪ್ಪಾಳೆ ಲಯ ಕಷ್ಟ ಅಂತಲೇ ಇಟ್ಕೊಳ್ಳೋಣ. ಚಪ್ಪಾಳೆ ಕಲಿಸಿದ್ರೆ ಮಾತು ಸರಿ ಹೋಗುತ್ತೆ ಅಂತ ಅದರಿಂದ ಹೇಗೆ ಬಂತು? ಜ್ವರ ಬಂದವರ ಮೈ ಬಿಸಿ ಇರುತ್ತೆ ಅಂತ ತಣ್ಣೀರಲ್ಲಿ ಕೂರಿಸಿದ್ರೆ ಟೈಫಾಯ್ಡ್ ಹೋಗುತ್ತಾ? ಲಯವನ್ನ ಮಾತಿಗೇ ತರುವ ಚಿಕಿತ್ಸೆ ಇದೆ. ಆಸ್ಟ್ರೇಲಿಯಾದಲ್ಲಿ ವೆಸ್ಟ್‌ಮೀಡ್ ಅನ್ನುವ ಕ್ರಮದಲ್ಲಿ ಮಗು ಮತ್ತು ಮನೆಯವರು ದಿನದಲ್ಲಿ ಹಲವು ಸಲ ಸ್ವಲ್ಪ ಹೊತ್ತು ಅಕ್ಷರ ಅಕ್ಷರಕ್ಕೂ ಸಮ ತೂಕ ಕೊಟ್ಟು ಮಾತಾಡ್ತಾರೆ. ಅಲ್ಲಿ ಅಭ್ಯಾಸ ಬಾಯಿಗೆ, ಕೈಗಲ್ಲ. ಅದನ್ನೂ ಥೆರಪಿಸ್ಟ್ ಎದುರು ಕೂತು ಕಲೀತಾರೆ, ವೀಡಿಯೊ ನೋಡಿ ಅಲ್ಲ. ಅವರಲ್ಲಿ ನಿಯತ್ತಿನವರು ಯಾರೂ "ಗ್ಯಾರಂಟಿ" ಅನ್ನೋ ಪದ ಬಳಸಲ್ಲ.

ಇನ್ನು "ನಮ್ಮ ಕಾಲದಲ್ಲಿ ಬಜೆ ತೇದು ನಾಲಿಗೆಗೆ ಹಚ್ಚಿದ್ರೆ ಸರಿ ಹೋಗ್ತಿತ್ತು" ಅನ್ನೋ ದೊಡ್ಡಮ್ಮಂದಿರಿಗೆ. ನಿಮ್ಮ ಮಾತು ಸುಳ್ಳಲ್ಲ, ಹಚ್ಚಿದ ಮೇಲೆ ಸರಿ ಹೋಗಿದ್ದೂ ನಿಜ. ಆದ್ರೆ ಲೆಕ್ಕ ನೋಡಿ. 100 ಮಕ್ಕಳಲ್ಲಿ 5ರಿಂದ 8 ಮಕ್ಕಳು ಯಾವುದೋ ಒಂದು ಹಂತದಲ್ಲಿ ಉಗ್ಗುತ್ತಾರೆ. ದೊಡ್ಡವರಲ್ಲಿ 100ಕ್ಕೆ ಸುಮಾರು ಒಬ್ಬರು. ಅಂದ್ರೆ ಮುಕ್ಕಾಲು ಪಾಲು ಅಥವಾ ಇನ್ನೂ ಹೆಚ್ಚು ಮಕ್ಕಳಿಗೆ ಬೆಳೀತಾ ಬೆಳೀತಾ ಹೋಗಿಬಿಡುತ್ತೆ. ಬಜೆ ಹಚ್ಚಿದವರಿಗೂ ಹೋಗುತ್ತೆ, ಬಾಯಲ್ಲಿ ಗೋಲಿ ಇಟ್ಟು ಮಾತಾಡಿಸಿದವರಿಗೂ ಹೋಗುತ್ತೆ, ದೇವಸ್ಥಾನಕ್ಕೆ ಗಂಟೆ ಕಟ್ಟಿಸಿದವರಿಗೂ ಹೋಗುತ್ತೆ. ಏನೂ ಮಾಡದವರಿಗೂ ಹೋಗುತ್ತೆ, ಆದ್ರೆ ಅವರ ಕಥೆ ಯಾರೂ ಹೇಳಲ್ಲ. 45 ದಿನದ ಗ್ಯಾರಂಟಿಯವರು ವ್ಯಾಪಾರ ಮಾಡೋದೂ ಇದೇ ಲೆಕ್ಕದ ಮೇಲೆ. ಹೋದ ಮಕ್ಕಳ ವೀಡಿಯೊ ಹಾಕ್ತಾರೆ. ಹೋಗದ ಮಕ್ಕಳ ಮನೆಯವರಿಗೆ "ನೀವು ಮನೇಲಿ ಸರಿಯಾಗಿ ಅಭ್ಯಾಸ ಮಾಡಿಸಿಲ್ಲ" ಅಂತಾರೆ. ಅಲ್ಲೂ ಬೈಸಿಕೊಳ್ಳೋದು ತಾಯಿಯೇ.

ಹಂಗಾದ್ರೆ ಸುಮ್ಮನೆ ಕಾಯೋಣ್ವಾ ಅಂತ ಕೇಳ್ತೀರಿ. ಅದೂ ಬೇಡ. ತಾನಾಗಿ ಹೋಗುವುದು ಹೆಚ್ಚಾಗಿ ಶುರುವಾದ ಮೊದಲ ಎರಡು ಮೂರು ವರ್ಷದಲ್ಲಿ. ಹುಡುಗ ಆಗಿದ್ದು, ಮನೆತನದಲ್ಲಿ ದೊಡ್ಡವರಾದ ಮೇಲೂ ಉಗ್ಗುವವರಿದ್ದು, ವರ್ಷ ದಾಟಿಯೂ ನಿಲ್ಲದೆ ಇದ್ದರೆ ಉಳಿದುಕೊಳ್ಳುವ ಸಾಧ್ಯತೆ ಹೆಚ್ಚು. ಶುರುವಾಗುವಾಗ ಗಂಡು ಹೆಣ್ಣು ಮಕ್ಕಳ ಸಂಖ್ಯೆಯಲ್ಲಿ ಅಷ್ಟೇನೂ ಅಂತರ ಇಲ್ಲ, ದೊಡ್ಡವರಲ್ಲಿ ಮಾತ್ರ ಹೆಂಗಸೊಬ್ಬಳಿಗೆ ಸುಮಾರು ನಾಲ್ಕು ಗಂಡಸರು. ನಮ್ಮ ಹುಡುಗನಿಗೆ ಶುರುವಾಗಿ ಎರಡು ವರ್ಷ ಆಯ್ತು. ಮಾತು ನಿಂತಾಗ ಕಣ್ಣು ಗಟ್ಟಿಯಾಗಿ ಮುಚ್ಚಿ, ಕಾಲು ನೆಲಕ್ಕೆ ಒದೀತಾನೆ ಅಂತ ಅವನ ಅಮ್ಮ ಹೇಳಿದಳು. ಇದು ಕಾಯುವ ಹೊತ್ತಲ್ಲ.

ಈಗ ನನಗೆ ಸಿಟ್ಟು ಬಂದ ವಿಷಯ. ತಾಯಿ ಮೊಬೈಲ್ ನೋಡಿದ್ದಕ್ಕೆ ಉಗ್ಗು ಬಂತು, ಅಪ್ಪ ಗದರಿದ್ದಕ್ಕೆ ಬಂತು, ಪಕ್ಕದ ಮನೆ ಹುಡುಗನನ್ನ ಅಣಕಿಸಿ ಬಂತು, ಇಂಗ್ಲಿಷ್ ಮೀಡಿಯಂಗೆ ಹಾಕಿದ್ದಕ್ಕೆ ಬಂತು. ಇದ್ಯಾವುದಕ್ಕೂ ಆಧಾರ ಇಲ್ಲ. ಉಗ್ಗು ಮನೆತನದಲ್ಲಿ ಹರಿಯುತ್ತೆ. 2010ರಲ್ಲಿ ಪಾಕಿಸ್ತಾನದ ಕುಟುಂಬಗಳನ್ನ ಪರೀಕ್ಷಿಸಿ, ಉಗ್ಗಿನ ಜೊತೆ ನಂಟಿರುವ ಜೀನ್ ಬದಲಾವಣೆಗಳನ್ನ ಗುರುತಿಸಿದರು. ಎಲ್ಲರ ಉಗ್ಗಿಗೂ ಆ ಜೀನುಗಳೇ ಕಾರಣ ಅಲ್ಲ, ಆದ್ರೆ ಅಣಕಿಸಿ ಬರೋ ಚಟ ಅಲ್ಲ ಅನ್ನೋಕೆ ಅಷ್ಟು ಸಾಕು. ನಮ್ಮ ಅಜ್ಜನ ತಮ್ಮನನ್ನ ಊರಲ್ಲಿ ಏನಂತ ಕರೀತಿದ್ರು ಅಂತ ಹಿರಿಯರಿಗೆ ನೆನಪಿದೆ ಅಲ್ವಾ? ಅವರ ಹೆಸರಿನ ಹಿಂದೆ "ಉಗ್ಗ" ಅಂತ ಸೇರಿಸದೆ ಯಾರೂ ಕರೀತಿರಲಿಲ್ಲ. ಅವರ ಅಮ್ಮ ಯಾವ ಮೊಬೈಲ್ ನೋಡ್ತಿದ್ರು?

ತಾಯಿ ತಂದೆಯ ಮೇಲೆ ತಪ್ಪು ಹೊರಿಸೋದು ನಮ್ಮೂರಿನ ಕಸುಬು ಮಾತ್ರ ಅಲ್ಲ, ದೊಡ್ಡ ವಿದ್ವಾಂಸರೂ ಮಾಡಿದ್ದಾರೆ. ಅಮೆರಿಕದ ಅಯೋವಾದಲ್ಲಿ ವೆಂಡೆಲ್ ಜಾನ್ಸನ್ ಅಂತ ಪ್ರೊಫೆಸರ್ ಇದ್ದರು, ಅವರೂ ಉಗ್ಗುತ್ತಿದ್ದವರೇ. ಮಗುವಿನ ಸಾಮಾನ್ಯ ತಡವರಿಕೆಯನ್ನ ಮನೆಯವರು ಉಗ್ಗು ಅಂತ ಕರೆದು ಕರೆದೇ ಉಗ್ಗು ಹುಟ್ಟಿಸ್ತಾರೆ ಅನ್ನೋದು ಅವರ ವಾದ. 1939ರಲ್ಲಿ ಅವರ ವಿದ್ಯಾರ್ಥಿನಿಯ ಕೈಲಿ ಒಂದು ಅನಾಥಾಲಯದ 22 ಮಕ್ಕಳ ಮೇಲೆ ಪ್ರಯೋಗ ಮಾಡಿಸಿದರು. ಸರಿಯಾಗಿ ಮಾತಾಡುತ್ತಿದ್ದ ಕೆಲವು ಮಕ್ಕಳಿಗೂ "ನಿನಗೆ ಉಗ್ಗು ಶುರುವಾಗ್ತಿದೆ, ಸರಿಯಾಗಿ ಹೇಳಲು ಆಗದಿದ್ರೆ ಮಾತಾಡಬೇಡ" ಅನ್ನೋ ಥರ ತಿಂಗಳುಗಟ್ಟಲೆ ಹೇಳಿದರು. ಆ ಮಕ್ಕಳಿಗೆ ಉಗ್ಗು ಬರಲಿಲ್ಲ, ಆದ್ರೆ ಮಾತಾಡೋಕೇ ಹೆದರಿ ಮುದುಡಿದರು. ವಿಶ್ವವಿದ್ಯಾಲಯ 2001ರಲ್ಲಿ ಕ್ಷಮೆ ಕೇಳಿತು, 2007ರಲ್ಲಿ ಅಯೋವಾ ರಾಜ್ಯ ಪರಿಹಾರ ಕೊಡಬೇಕಾಯ್ತು. ಹಾಗೆ ಮುದುಡುವ ಮಕ್ಕಳನ್ನ ನಾವು ಪ್ರಯೋಗ ಅನ್ನೋ ಹೆಸರೂ ಇಲ್ಲದೆ ಮನೆಮನೆಯಲ್ಲಿ ತಯಾರು ಮಾಡ್ತಿದ್ದೀವಿ. ಹೆದರಿಕೆಯಿಂದ ಉಗ್ಗು ಹುಟ್ಟಲ್ಲ. ಉಗ್ಗನ್ನ ನೋಡಿ ನಾವು ನಡೆದುಕೊಳ್ಳುವ ರೀತಿಯಿಂದ ಹೆದರಿಕೆ ಹುಟ್ಟುತ್ತೆ, ಹುಟ್ಟಿದ ಮೇಲೆ ಉಗ್ಗನ್ನ ಹೆಚ್ಚಿಸುತ್ತೆ.

ಹೋದ ವರ್ಷ ಅವನ ಶಾಲೆಯಲ್ಲಿ ರಾಜ್ಯೋತ್ಸವಕ್ಕೆ ನಾಲ್ಕು ಸಾಲು ಹೇಳೋದಿತ್ತು. ಬಾಯಿಪಾಠ ಆಗಿತ್ತು, ಬಟ್ಟೆ ಹೊಲಿಸಿದ್ದರು. ಹಿಂದಿನ ದಿನ ಕೈಬಿಟ್ಟರು, "ಪಾಪ, ನಾಲ್ಕು ಜನರೆದುರು ಅವನಿಗೇ ಬೇಜಾರಾಗುತ್ತೆ" ಅಂತ. ಅವನನ್ನ ಯಾರಾದ್ರೂ ಕೇಳಿದ್ರಾ? ಇನ್ನೊಂದು ಮಗುವಿನ ಜೊತೆ ನಿಲ್ಲಿಸಿ ಇಬ್ಬರಿಂದಲೂ ಒಟ್ಟಿಗೆ ಹೇಳಿಸಬಹುದಿತ್ತು. ಮೇಲೆ ಬರೆದೆನಲ್ಲ, ಜೊತೆ ದನಿ ಸಿಕ್ಕರೆ ಎಷ್ಟು ಸಲೀಸು ಅಂತ. ಉಗ್ಗುತ್ತಾ ಹೇಳಿದ್ರೂ ಏನು ಮುಳುಗಿ ಹೋಗ್ತಿತ್ತು? ನಾಲ್ಕು ಸಾಲಿಗೆ ಎರಡು ನಿಮಿಷ ಆಗ್ತಿತ್ತು. ಅತಿಥಿಗಳ ಮುಕ್ಕಾಲು ಗಂಟೆ ಭಾಷಣ ಕೇಳಿದ ಜನಕ್ಕೆ ಆ ಎರಡು ನಿಮಿಷ ಕಾಯೋಕೆ ಆಗ್ತಿರಲಿಲ್ವಾ?

ಇಷ್ಟು ಬೈದ ಮೇಲೆ ಏನು ಮಾಡಬೇಕು ಅಂತಲೂ ಹೇಳ್ತೀನಿ.

"ನಿಧಾನ ಹೇಳು", "ಉಸಿರು ತಗೋ", "ಮತ್ತೆ ಮೊದಲಿಂದ ಹೇಳು" ಅನ್ನೋದನ್ನ ಇವತ್ತಿಂದಲೇ ನಿಲ್ಲಿಸಿ. ಅವನಿಗೆ ಹೇಳೋ ಬದಲು ನೀವೇ ನಿಧಾನ ಮಾತಾಡಿ. ಅವನ ಮಾತು ಮುಗಿದ ಮೇಲೆ ಒಂದು ಕ್ಷಣ ಬಿಟ್ಟು ಉತ್ತರ ಕೊಡಿ. ಪದ ಸಿಗದೆ ನಿಂತಾಗ ನೀವು ಪೂರ್ತಿ ಮಾಡಬೇಡಿ, ಮುಖ ಬೇರೆ ಕಡೆ ತಿರುಗಿಸಬೇಡಿ. ಏನು ಹೇಳ್ತಿದ್ದಾನೆ ಅನ್ನೋದನ್ನ ಕೇಳಿ, ಹೇಗೆ ಹೇಳ್ತಿದ್ದಾನೆ ಅನ್ನೋದನ್ನ ಎಣಿಸಬೇಡಿ. ನೆಂಟರು ಬಂದಾಗ "ಬಾ, ಮಾಮಂಗೆ ಪದ್ಯ ಹೇಳು" ಅಂತ ನಿಲ್ಲಿಸಬೇಡಿ. ದಿನಕ್ಕೆ ಹತ್ತು ನಿಮಿಷ ಟಿವಿ ಆರಿಸಿ ಅವನೊಬ್ಬನ ಜೊತೆ ಕೂತುಕೊಳ್ಳಿ.

ಆಮೇಲೆ ಮೈಸೂರಿಗೆ ಕರ್ಕೊಂಡು ಹೋಗಿ. ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಜನ "ಆಯಿಷ್" ಅನ್ನೋದು, 1965ರಿಂದ ಇದೆ, ಕೇಂದ್ರ ಸರ್ಕಾರದ್ದು. ದೇಶದ ಬೇರೆ ರಾಜ್ಯಗಳಿಂದ ಜನ ಅಲ್ಲಿಗೆ ಬರ್ತಾರೆ, ನಮ್ಮೂರಿಂದ ರಾತ್ರಿ ಬಸ್ಸು ಹತ್ತಿದ್ರೆ ಬೆಳಿಗ್ಗೆ ಇಳೀಬಹುದು. ಅಷ್ಟು ದೂರ ಆಗಲ್ಲ ಅಂದ್ರೆ ಮಣಿಪಾಲ, ಮಂಗಳೂರಿನ ಮೆಡಿಕಲ್ ಕಾಲೇಜುಗಳಲ್ಲಿ ವಾಕ್ ಚಿಕಿತ್ಸೆಯ ವಿಭಾಗ ಇದೆ. ಅಲ್ಲಿ ಮಗುವಿನ ಮಾತನ್ನ ಕೂತು ಕೇಳ್ತಾರೆ, ಮನೆಯವರನ್ನ ವಿಚಾರಿಸ್ತಾರೆ, ಆಮೇಲೆ ಯಾವ ಕ್ರಮ ಅಂತ ಹೇಳ್ತಾರೆ. ಚಿಕ್ಕ ಮಕ್ಕಳ ಚಿಕಿತ್ಸೆಗಳಲ್ಲಿ ಮನೆಯವರ ಪಾಲೇ ದೊಡ್ಡದು. ಸಿಡ್ನಿಯಲ್ಲಿ ಶುರುವಾದ ಲಿಡ್‌ಕೂಂಬ್ ಕ್ರಮ, ಲಂಡನ್ನಿನ ಮೈಕೆಲ್ ಪೇಲಿನ್ ಕೇಂದ್ರದ ಕ್ರಮ, ಎರಡರಲ್ಲೂ ಥೆರಪಿಸ್ಟ್ ತಂದೆ ತಾಯಿಗೇ ಕಲಿಸಿಕೊಡ್ತಾರೆ. ನಟ ಮೈಕೆಲ್ ಪೇಲಿನ್ ಅವರ ತಂದೆ ಉಗ್ಗುತ್ತಿದ್ದರು, ಅದಕ್ಕೇ ಆ ಕೇಂದ್ರಕ್ಕೆ ಅವರ ಹೆಸರು.

ಚಿಕಿತ್ಸೆ ಆದ ಮೇಲೂ ಉಗ್ಗು ಸ್ವಲ್ಪ ಉಳಿಯಬಹುದು. ಉಳಿದ್ರೆ ಉಳೀತು. ಹೃತಿಕ್ ರೋಷನ್ ತಮ್ಮ ಉಗ್ಗಿನ ಬಗ್ಗೆ ಬಹಿರಂಗವಾಗಿ ಮಾತಾಡಿದ್ದಾರೆ, ಜೋ ಬೈಡನ್ ಅಮೆರಿಕದ ಅಧ್ಯಕ್ಷರಾಗಿದ್ದರು. ಅಷ್ಟು ದೂರ ಯಾಕೆ, ನಮ್ಮ ಅಜ್ಜನ ತಮ್ಮ ಅಡಿಕೆ ವ್ಯಾಪಾರ ಮಾಡಿ ನಾಲ್ಕು ಮಕ್ಕಳನ್ನ ಓದಿಸಿದರು. ಅವರಿಗೆ ಕಷ್ಟ ಆಗಿದ್ದು ಮಾತಿನಿಂದಲ್ಲ, ಸಂತೆಯಲ್ಲಿ ಅವರ ಮಾತನ್ನ ಅಣಕಿಸಿ ನಗುತ್ತಿದ್ದವರಿಂದ. ಸಿನಿಮಾದಲ್ಲಿ ಉಗ್ಗುವ ಪಾತ್ರ ಬಂದ ಕೂಡಲೇ ನಗೋದಕ್ಕೆ ನಮಗೆ ಕಲಿಸಿದ್ದಾರೆ. ಮಕ್ಕಳು ಪಕ್ಕದಲ್ಲಿ ಕೂತಿರುವಾಗಲಾದ್ರೂ ನಗಬೇಡಿ.

ಮಾವ, ನಿಮ್ಮ ಮೇಲೆ ನನಗೆ ಕೋಪ ಇಲ್ಲ. ಮಗುವಿಗೆ ಒಳ್ಳೇದಾಗಲಿ ಅಂತಲೇ ವೀಡಿಯೊ ಹಾಕಿದಿರಿ, ಫೀಸಿನಲ್ಲಿ ಅರ್ಧ ನಾನು ಕೊಡ್ತೀನಿ ಅಂತಲೂ ಅಂದಿರಿ. ಆ ಅರ್ಧದಲ್ಲಿ ಮೈಸೂರಿಗೆ ಎಷ್ಟೋ ಸಲ ಹೋಗಿಬರಬಹುದು. ಮೊದಲ ಸಲ ನೀವೇ ಜೊತೆಗೆ ಹೋಗಿ. ನಿಮ್ಮ ಮಾತಿಗೆ ಮನೆಯಲ್ಲಿ ಬೆಲೆ ಇದೆ, ಅವಳ ಮಾತಿಗೆ ಇನ್ನೂ ಇಲ್ಲ. ಎರಡನೇ ಕಾಮೆಂಟ್ ಬರೆದವರು ಅದನ್ನ ಅಳಿಸಿ ಅವಳಿಗೆ ಒಂದು ಫೋನ್ ಮಾಡಿ.

ಕೆಳಗೆ ಪ್ರಶ್ನೆ ಕೇಳಿ, ಜಗಳ ಆಡಿ, ಪರವಾಗಿಲ್ಲ. ನನಗೆ ನಾಳೆ, ನಾಡಿದ್ದು ನೈಟ್ ಇದೆ, ಉತ್ತರ ತಡ ಆಗಬಹುದು. ಮಗುವಿನ ಹೆಸರು ಮಾತ್ರ ಯಾರೂ ಬರೀಬೇಡಿ, ಬರೆದ್ರೆ ಆ ಕಾಮೆಂಟ್ ತೆಗೆದುಹಾಕ್ತೀನಿ. ಮುಂದಿನ ಕಂತಿನಲ್ಲಿ ಇಲ್ಲಿನ ವೃದ್ಧಾಶ್ರಮಗಳ ಬಗ್ಗೆ ಬರೀತೀನಿ, ಕೆಲವರು ಕೇಳಿದ್ದಿರಿ.